ತುರಿಸುವ ಕಣ್ಣಿಗೆ ಯಾವ ಹನಿ?

ಕಣ್ಣಿನ ಬೇನೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಕಣ್ಣು ಉರಿಯುತ್ತದೆ, ನೋಯುತ್ತದೆ, ಚುಚ್ಚುತ್ತದೆ, ಕಡಿಯುತ್ತದೆ. ಕಣ್ಣಲ್ಲಿ ಉಸುಕು ಹೊಕ್ಕಂತೆ ಆಗುತ್ತದೆ. ಒಮ್ಮೊಮ್ಮೆ ಕಣ್ಣು 'ಬರುತ್ತದೆ'. ಹಿರಿಯರು ಇಷ್ಟು ಮಾತುಗಳನ್ನು ಬಿಟ್ಟುಹೋದದ್ದು ಬರಿಯ ಅಲಂಕಾರಕ್ಕಲ್ಲ. ಒಂದೊಂದು ಮಾತಿಗೂ ಒಂದೊಂದು ಬೇರೆಯೇ ಆದ ಅನುಭವವಿದೆ. ಆದರೆ ಔಷಧದ ಅಂಗಡಿಯ ಮುಂದೆ ನಿಂತಾಗ ನಾವು ಈ ಸಂಪತ್ತನ್ನೆಲ್ಲ ಮರೆತು, "ಕಣ್ಣಿಗೆ ಹಾಕೋ ಡ್ರಾಪ್ಸ್ ಒಂದು ಕೊಡ್ರಿ" ಎಂದಷ್ಟೇ ಕೇಳುತ್ತೇವೆ. ಅಂಗಡಿಯವರೂ ಒಂದು ಶೀಶೆ ಕೊಡುತ್ತಾರೆ. ಯಾವ ಕಣ್ಣಿಗೆ, ಯಾವ ಬೇನೆಗೆ, ಎಷ್ಟು ದಿನಕ್ಕೆ ಎಂಬ ಪ್ರಶ್ನೆ ಇಬ್ಬರ ನಡುವೆ ಹುಟ್ಟುವುದೇ ಇಲ್ಲ.

ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಪಂಡಿತ. ಈ ವಿಷಯದಲ್ಲಿ ಬಾಯಿ ಹಾಕುವುದಕ್ಕೆ ನನಗಿರುವ ಅಧಿಕಾರವೆಂದರೆ, ವರ್ಷವರ್ಷವೂ ಕಣ್ಣು ಉಜ್ಜಿಕೊಳ್ಳುವ ಹುಡುಗರನ್ನು ಎದುರಿನ ಬೆಂಚಿನಲ್ಲಿ ನೋಡುತ್ತ ಬಂದಿರುವುದು, ಮತ್ತು ಶೀಶೆಯ ಮೇಲಿನ ಸಣ್ಣ ಅಕ್ಷರಗಳನ್ನು ತಾಳ್ಮೆಯಿಂದ ಓದುವ ಅಭ್ಯಾಸ. ಎರಡನೆಯದು ನಿಮಗೂ ಸಾಧ್ಯವಾದುದು. ಅದನ್ನು ಹೇಳಿಕೊಡುವುದೇ ಈ ಮಾತಿನ ಉದ್ದೇಶ.

ನಮ್ಮ ಗೊಟಗೋಡಿ ಶಿಗ್ಗಾಂವಿ ತಾಲ್ಲೂಕಿನ ಊರು, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿಗಿದೆ. ಹಗಲಿರುಳೂ ಲಾರಿಗಳು ಎಬ್ಬಿಸುವ ಧೂಳು ಒಂದು ಕಡೆ. ಮಳೆಗಾಲ ಮುಗಿದು ಗೋವಿನಜೋಳದ ರಾಶಿ ಆರಂಭವಾಯಿತೆಂದರೆ ಯಂತ್ರದ ಬಾಯಿಂದ ಹಾರುವ ಹೊಟ್ಟು ಇನ್ನೊಂದು ಕಡೆ. ರಸ್ತೆಯ ಬದಿಗೆ, ಪಾಳುಬಿದ್ದ ಜಾಗದಲ್ಲಿ ಸೊಕ್ಕಿ ಬೆಳೆದು ಬಿಳಿಯ ಹೂ ಬಿಡುವ ಪಾರ್ಥೇನಿಯಂ, ಎಂದರೆ ನಮ್ಮ ಜನ ಕಾಂಗ್ರೆಸ್ ಕಸ ಎಂದು ಕರೆಯುವ ಗಿಡ, ಮೂರನೆಯದು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಈ ಅಮೆರಿಕದ ಗಿಡ ಇಂದು ನಮ್ಮ ಹೊಲದ ಬದುವಿನಲ್ಲೆಲ್ಲ ಮನೆ ಮಾಡಿದೆ. ಹಾನಗಲ್ಲಿನ ಕಡೆ ಭತ್ತದ ಧೂಳು; ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಪೇಟೆಗೆ ಪೇಟೆಯೇ ಮೆಣಸಿನಕಾಯಿಯ ಘಾಟಿನಲ್ಲಿ ಸೀನುತ್ತಿರುತ್ತದೆ. ಹಾವೇರಿ ಜಿಲ್ಲೆಯಲ್ಲಿ ಕಣ್ಣು ಕೆಂಪಾಗುವುದಕ್ಕೆ ಕಾರಣವನ್ನು ದೂರ ಹೋಗಿ ಹುಡುಕಬೇಕಾಗಿಲ್ಲ.

ಇಲ್ಲಿಯೇ ಮೊದಲನೆಯ ವಿಂಗಡಣೆ ಮಾಡಿಕೊಳ್ಳಬೇಕು. ಬ್ಯಾಡಗಿಯ ಮೆಣಸಿನಕಾಯಿಯ ಪುಡಿ ಕಣ್ಣಿಗೆ ಬಿದ್ದರೆ ಯಾರಿಗಾದರೂ ಉರಿಯುತ್ತದೆ. ಹಮಾಲನಿಗೂ ಉರಿಯುತ್ತದೆ, ದಲಾಲನಿಗೂ ಉರಿಯುತ್ತದೆ. ಅದು ಖಾರದ ಗುಣ, ಕಣ್ಣಿನ ದೋಷವಲ್ಲ. ಅದಕ್ಕೆ ಬೇಕಾದುದು ಹನಿಯ ಮದ್ದಲ್ಲ. ಕುಡಿಯಲು ಯೋಗ್ಯವಾದ ತಣ್ಣೀರನ್ನು ಹತ್ತು ಹದಿನೈದು ನಿಮಿಷ ಕಣ್ಣಿಗೆ ಧಾರೆಯಾಗಿ ಬಿಡುವುದು. ಅದರಿಂದಲೂ ನೋವು ಹೋಗದಿದ್ದರೆ ದವಾಖಾನೆ. ಆದರೆ ಒಂದೇ ಹೊಲದಲ್ಲಿ, ಒಂದೇ ಗಾಳಿಯಲ್ಲಿ ಹತ್ತು ಜನ ದುಡಿಯುವಾಗ ಒಂಬತ್ತು ಜನ ಸುಮ್ಮನಿದ್ದು ಹತ್ತನೆಯವನೊಬ್ಬನೇ ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡರೆ, ಎರಡೂ ಕಣ್ಣಿನಲ್ಲಿ ನೀರು ಸುರಿದು ಮೂಗೂ ಸುರಿದು ಸೀನು ಬಂದರೆ, ಅದು ಅಲರ್ಜಿ. ಅದರ ಗುರುತಿನ ಮಾತು ಉರಿ ಅಲ್ಲ, ನೋವು ಅಲ್ಲ; ಕಡಿತ, ತುರಿಕೆ. ಕಡಿತವಿಲ್ಲದಿದ್ದರೆ ಅದು ಅಲರ್ಜಿಯಾಗಿರುವುದು ಅಪರೂಪವೆಂದೇ ಕಣ್ಣಿನ ವೈದ್ಯರು ಹೇಳುತ್ತಾರೆ. ಮುಂಜಾನೆ ಎದ್ದಾಗ ಪಿಚ್ಚು ಕಟ್ಟಿ ರೆಪ್ಪೆ ಅಂಟಿಕೊಂಡಿದ್ದು, ಒಂದು ಕಣ್ಣಿಗೆ ಮೊದಲು ಬಂದು ಮತ್ತೊಂದಕ್ಕೆ ಹಬ್ಬಿ, ಮನೆಯವರಿಗೆಲ್ಲ ಅಂಟಿದರೆ ಅದು 'ಕಣ್ಣು ಬರುವ' ಬೇನೆ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಎಂದು ಹಬ್ಬಿದ್ದು ಇದೇ. ಅಲರ್ಜಿ ಹಾಗೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತುರಿಸುವ ಕಣ್ಣಿನ ಹುಡುಗನನ್ನು ತರಗತಿಯಿಂದ ಹೊರಗೆ ಕೂಡ್ರಿಸುವ ಕಾರಣವಿಲ್ಲ.

ಅಲರ್ಜಿ ಎಂಬ ಮಾತು ಬಹಳ ಹಳೆಯದಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ 1906ರಲ್ಲಿ ಗ್ರೀಕಿನ ಎರಡು ಪದಗಳನ್ನು ಸಂಧಿ ಮಾಡಿ ಇದನ್ನು ಕಟ್ಟಿದ; 'ಬೇರೆ' ಎಂಬುದು ಒಂದು ಪದ, 'ಕೆಲಸ' ಎಂಬುದು ಇನ್ನೊಂದು. ಮೈ ತಾನು ಮಾಡಬೇಕಾದ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವುದು ಎಂದು ಭಾವ. ನಮ್ಮಲ್ಲಿ ಇದಕ್ಕೆ ಇನ್ನೂ ಚೊಕ್ಕವಾದ ಕ್ರಿಯಾಪದವಿದೆ: ಒಗ್ಗುವುದಿಲ್ಲ. 'ಆ ಗಾಳಿ ನನಗೆ ಒಗ್ಗುವುದಿಲ್ಲ' ಎಂದು ಅಜ್ಜಿ ಹೇಳಿದರೆ ಪಿರ್ಕೆ ಹೇಳಿದುದನ್ನೇ ಹೇಳಿದಂತಾಯಿತು. ಇದಕ್ಕೂ ಮೊದಲು, 1819ರಲ್ಲಿ, ಜಾನ್ ಬೊಸ್ಟಾಕ್ ಎಂಬ ಇಂಗ್ಲಿಷ್ ವೈದ್ಯ ಬೇಸಗೆ ಬಂದಾಗಲೆಲ್ಲ ತನ್ನ ಕಣ್ಣಿಗೂ ಎದೆಗೂ ಆಗುತ್ತಿದ್ದ ಬಾಧೆಯನ್ನು ಲಂಡನ್ನಿನ ವೈದ್ಯರ ಸಭೆಯಲ್ಲಿ ಓದಿ ಹೇಳಿದ್ದ. ಅದಕ್ಕೆ ಹೂವಿನ ಪರಾಗವೇ ಕಾರಣವೆಂದು ತನ್ನ ಮೈಯ ಮೇಲೆಯೇ ಪ್ರಯೋಗ ಮಾಡಿ 1873ರಲ್ಲಿ ಗ್ರಂಥ ಬರೆದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ನಮ್ಮ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳ ಎಣಿಕೆ ಇದೆ. ಅವುಗಳಲ್ಲಿ ಕಣ್ಣು ಸುರಿಯುವ ರೋಗಕ್ಕೆ ಅಭಿಷ್ಯಂದವೆಂದು ಹೆಸರು. ಅದರ ನಾಲ್ಕು ಬಗೆಗಳಲ್ಲಿ ಕಫದಿಂದ ಬರುವುದಕ್ಕೆ ಕಂಡೂ, ಎಂದರೆ ತುರಿಕೆ, ಮತ್ತು ಲೋಳೆಯಂಥ ಸ್ರಾವ ಲಕ್ಷಣಗಳು. ಕಣ್ಣಿಗೆ ಮದ್ದಿನ ಹನಿ ಬಿಡುವುದಕ್ಕೆ ಆಯುರ್ವೇದದಲ್ಲಿ ಆಶ್ಚ್ಯೋತನವೆಂಬ ಹೆಸರೂ ಇದೆ. ಹೆಸರಿಗೆ ನಾವು ಹಿಂದೆ ಬಿದ್ದವರಲ್ಲ.

ಕಣ್ಣಿನೊಳಗೆ ನಡೆಯುವುದಿಷ್ಟು. ರೆಪ್ಪೆಯ ಒಳಮೈಯಲ್ಲಿ ಮಾಸ್ಟ್ ಕೋಶಗಳೆಂಬ ಸಣ್ಣ ಚೀಲಗಳಂಥವು ಇರುತ್ತವೆ. ಒಗ್ಗದ ಪರಾಗವೋ ಧೂಳೋ ತಾಗಿದೊಡನೆ ಅವು ಬಿರಿದು ಹಿಸ್ಟಮೀನ್ ಎಂಬ ರಸವನ್ನು ಚೆಲ್ಲುತ್ತವೆ. ಆ ರಸ ನರಕ್ಕೆ ತಾಗಿದರೆ ಕಡಿತ, ರಕ್ತನಾಳಕ್ಕೆ ತಾಗಿದರೆ ಕೆಂಪು ಮತ್ತು ಬಾವು. ಕಣ್ಣು ಉಜ್ಜಿದಷ್ಟೂ ಆ ಚೀಲಗಳು ಇನ್ನಷ್ಟು ಬಿರಿಯುತ್ತವೆ. ಉಜ್ಜಿದ ಒಂದು ನಿಮಿಷ ಸುಖ, ಆಮೇಲೆ ಎರಡರಷ್ಟು ಕಡಿತ. ಇದು ನಿಮಗೆ ಗೊತ್ತಿದ್ದುದೇ.

ಈಗ ಶೀಶೆಗೆ ಬರೋಣ. ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯವರು ಇಟ್ಟ ಮುದ್ದಿನ ಹೆಸರು. ಅದನ್ನು ನಂಬಬೇಡಿರಿ, ಒಂದೇ ಹೆಸರಿನ ಮುಂದೆ ಒಂದು ಅಕ್ಷರ ಸೇರಿದರೆ ಮದ್ದೇ ಬೇರೆಯಾಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಳಗೆ ಏನೇನು ಎಷ್ಟೆಷ್ಟು ಸೇರಿದೆ ಎಂಬುದನ್ನು ಬರೆದಿರುತ್ತದೆ. ಅದನ್ನು ಓದಬೇಕು. ಅದು ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಓದುವ ಹುಡುಗರಿಂದ ಓದಿಸಿರಿ. ನಾನು ವ್ಯಾಕರಣದವನಾದುದರಿಂದ ನನಗೊಂದು ಯುಕ್ತಿ ಹೊಳೆದಿದೆ: ಈ ಹೆಸರುಗಳಿಗೆಲ್ಲ ಪ್ರತ್ಯಯವಿದೆ. ನಾಮಪದದ ಬಾಲ ನೋಡಿ ವಿಭಕ್ತಿ ಹೇಳುವಂತೆ ಮದ್ದಿನ ಬಾಲ ನೋಡಿ ಅದರ ಕುಲ ಹೇಳಬಹುದು.

'ಸೆಲ್ಯುಲೋಸ್' ಎಂದು ಕೊನೆಯಾದರೆ ಅದು ಕೃತಕ ಕಣ್ಣೀರು. ಕಣ್ಣನ್ನು ತೊಳೆದು, ಪರಾಗವನ್ನು ಕೊಚ್ಚಿ, ಒಣಗಿದ ಮೈಗೆ ತೇವ ಕೊಡುತ್ತದೆ; ಮಂದವಾದ ತೊಂದರೆಗೆ ಅದೊಂದೇ ಸಾಕಾಗುವುದುಂಟು. ಅಪಾಯ ಕಡಿಮೆ. ಆದರೆ ದಿನಕ್ಕೆ ನಾಲ್ಕೈದು ಸಲಕ್ಕಿಂತ ಹೆಚ್ಚು ಹಾಕಬೇಕಾಗಿದ್ದರೆ ಕೆಡದಂತಿಡುವ ಬೆಂಜಾಲ್ಕೋನಿಯಂ ಸೇರಿಸದ ಬಗೆಯನ್ನು ಕೇಳಿ ಕೊಳ್ಳಬೇಕು. ಆ ಬೆಂಜಾಲ್ಕೋನಿಯಂ ತಾನೇ ಕಣ್ಣನ್ನು ಕೆರಳಿಸುವುದುಂಟು.

ಬಾಲದಲ್ಲಿ 'ಟಡೀನ್' ಇದ್ದರೆ, ಉದಾಹರಣೆಗೆ ಓಲೋಪಟಡೀನ್; 'ಟಿಫೆನ್' ಇದ್ದರೆ, ಎಂದರೆ ಕೀಟೋಟಿಫೆನ್; 'ಸ್ಟೀನ್' ಇದ್ದರೆ, ಬೆಪೋಟಸ್ಟೀನಿನಂಥದು; ಇವು ಹಿಸ್ಟಮೀನನ್ನು ತಡೆಯುವವು, ಅದರ ಜೊತೆಗೆ ಆ ಚೀಲಗಳು ಬಿರಿಯದಂತೆಯೂ ಕಾಯುವವು. ಅಲರ್ಜಿಯ ಕಡಿತಕ್ಕೆ ಸರಿಯಾಗಿ ತಾಗುವ ಮದ್ದು ಇವೇ. ಕೆಲವು ನಿಮಿಷಗಳಲ್ಲಿ ಗುಣ ತೋರಿಸುತ್ತವೆ. ಬಗೆಯನ್ನೂ ಸಾಂದ್ರತೆಯನ್ನೂ ನೋಡಿ ದಿನಕ್ಕೆ ಒಂದು ಅಥವಾ ಎರಡು ಸಲ ಸಾಕು. ಕಡಿತ ಬಂದಾಗ ಒಮ್ಮೆ ಹಾಕಿ ಬಿಡುವುದಕ್ಕಿಂತ ಆ ಹಂಗಾಮು ಮುಗಿಯುವವರೆಗೆ ದಿನಾಲು ಹಾಕಿದರೆ ಹೆಚ್ಚು ಪ್ರಯೋಜನ. ಇದೇ ಓಣಿಯ ಹಳೆಯ ಮದ್ದು ಸೋಡಿಯಂ ಕ್ರೋಮೋಗ್ಲೈಕೇಟ್. ತನಗೇ ಉಬ್ಬಸವಿದ್ದ ರೋಜರ್ ಆಲ್ಟೂನ್ಯನ್ ಎಂಬ ವೈದ್ಯ ತನ್ನ ಉಸಿರನ್ನೇ ಪಣವಿಟ್ಟು 1960ರ ದಶಕದಲ್ಲಿ ಪರೀಕ್ಷಿಸಿದ ವಸ್ತು ಅದು. ಕೆಲಸ ಮಾಡಲು ಕೆಲವು ದಿನ ಹಿಡಿಯುತ್ತದೆ, ದಿನಕ್ಕೆ ನಾಲ್ಕು ಸಲ ಹಾಕಬೇಕು. ಆದುದರಿಂದ ಈಗ ಬಳಕೆ ಕಡಿಮೆಯಾಗಿದೆ.

'ಜೋಲಿನ್' ಎಂದು ಮುಗಿಯುವ ನ್ಯಾಫಜೋಲಿನ್ ಮೊದಲಾದವು ಕೆಂಪನ್ನು ಓಡಿಸುವ ಮದ್ದು. ರಕ್ತನಾಳವನ್ನು ಹಿಂಡಿ ಕಣ್ಣನ್ನು ಬೆಳ್ಳಗೆ ಮಾಡುತ್ತವೆ. ಮದುವೆಯ ಫೋಟೋಕ್ಕೆ ನಿಲ್ಲುವವರಿಗೆ ಒಂದು ದಿನದ ಮಟ್ಟಿಗೆ ಬೇಕಾಗಬಹುದು. ದಿನಾಲು ಹಾಕಿದರೆ, ಬಿಟ್ಟ ದಿನ ಮೊದಲಿಗಿಂತ ಹೆಚ್ಚು ಕೆಂಪು ಮರಳಿ ಬರುತ್ತದೆ. ನನ್ನ ಮಟ್ಟಿಗೆ ಇದು ಮನೆಯಲ್ಲಿಡಬೇಕಾದ ಶೀಶೆಯಲ್ಲ. 'ಫ್ಲಾಕ್ಸಸಿನ್' ಬಾಲದವು ರೋಗಾಣುಗಳನ್ನು ಕೊಲ್ಲುವವು. ಅಲರ್ಜಿಯಲ್ಲಿ ಕೊಲ್ಲಲು ರೋಗಾಣುವೇ ಇಲ್ಲ, ಹಾಕಿದರೆ ದಂಡ.

ಉಳಿದದ್ದು 'ಸೋನ್' ಮತ್ತು 'ಲೋನ್'. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೊಲೋನ್. ಇವು ಸ್ಟೀರಾಯ್ಡ್. ಎಲ್ಲ ಸೂತ್ರಕ್ಕೂ ಅಪವಾದವಿರುವಂತೆ ಇಲ್ಲಿಯೂ ಇದೆ: ಲೋಟೆಪ್ರೆಡ್ನಾಲ್, ಡೈಫ್ಲೂಪ್ರೆಡ್ನೇಟ್ ಎಂಬವುಗಳ ಬಾಲ ಬೇರೆ, ಕುಲ ಇದೇ, ನಡುವಿನ 'ಪ್ರೆಡ್' ಎಂಬುದೇ ಗುರುತು. ಎಷ್ಟೋ ಶೀಶೆಗಳಲ್ಲಿ ರೋಗಾಣು ಕೊಲ್ಲುವ ಮದ್ದಿನ ಜೊತೆ ಇದನ್ನೂ ಬೆರೆಸಿರುತ್ತಾರೆ. ಆದುದರಿಂದ ಮೊದಲನೆಯ ಹೆಸರನ್ನು ಓದಿ ನಿಲ್ಲಬಾರದು, ಕೊನೆಯವರೆಗೂ ಓದಬೇಕು.

ಸ್ಟೀರಾಯ್ಡ್ ಕೆಟ್ಟ ಮದ್ದೆಂದು ನಾನು ಹೇಳುವುದಿಲ್ಲ. ತೀವ್ರವಾದ ಅಲರ್ಜಿಯಲ್ಲಿ ವೈದ್ಯರೇ ಅದನ್ನು ಬರೆಯುತ್ತಾರೆ. ಕೆಲವು ದಿನಕ್ಕೆಂದು ಬರೆಯುತ್ತಾರೆ, ಕ್ರಮವಾಗಿ ಇಳಿಸುತ್ತಾರೆ, ನಡುನಡುವೆ ಕಣ್ಣಿನ ಒತ್ತಡ ಅಳೆಯುತ್ತಾರೆ. ತೊಂದರೆ ಇರುವುದು ಅದರ ಗುಣದಲ್ಲಿಯೇ. ಎಲ್ಲ ಹನಿಗಳಿಗಿಂತ ಪೂರ್ಣವಾಗಿ ಆರಾಮ ಕೊಡುವುದು ಇದೇ. ಆದುದರಿಂದ ಜನ ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕಾನೂನಿದೆ, ಷೆಡ್ಯೂಲ್ ಎಚ್ ಎಂಬ ಎಚ್ಚರಿಕೆಯೂ ಅಚ್ಚಾಗಿರುತ್ತದೆ, ಆದರೂ ಸಿಗುತ್ತದೆ.

ಎಂಟನೆಯ ಇಯತ್ತೆಯ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಬೇಸಗೆ ಬಂತೆಂದರೆ ಅವನ ಕಣ್ಣು ಕೆಂಡ. ವೈದ್ಯರೊಬ್ಬರು ಎರಡು ವಾರಕ್ಕೆಂದು ಬರೆದುಕೊಟ್ಟಿದ್ದ ಚೀಟಿಯನ್ನು ಅವನ ತಾಯಿ ಹರಿಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟು, ಶೀಶೆ ತೀರಿದಾಗಲೆಲ್ಲ ಅದನ್ನೇ ಅಂಗಡಿಗೆ ತೋರಿಸಿ ಎರಡು ವರ್ಷ ಅದೇ ಮದ್ದು ತಂದರು. ಆಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. "ಈ ಹನಿ ಹಾಕಿದ್ರ ತಟ್ಟನೆ ಆರಾಮ ಆಗತೈತ್ರಿ ಸರ್, ಬಿಟ್ರ ರಾತ್ರಿ ಮಲಗಂಗಿಲ್ರಿ" ಎಂದರು. ಯಾವ ತಾಯಿ ಬಿಟ್ಟಾಳು? ನಮ್ಮ ಡ್ರಿಲ್ ಮಾಸ್ತರರು ಮೊದಲು ಗಮನಿಸಿದರು: ಎದುರಿಗಿದ್ದುದನ್ನು ಸರಿಯಾಗಿ ಕಾಣುವ ಹುಡುಗ ಮಗ್ಗುಲಿಂದ ಬಂದ ಚೆಂಡನ್ನು ಕಾಣುತ್ತಿರಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದಾಗ ಕಣ್ಣೊಳಗಿನ ಒತ್ತಡ ಬಹಳ ಏರಿತ್ತು. ಈಗ ಒತ್ತಡ ಇಳಿಸುವ ಬೇರೆ ಹನಿಗಳ ಮೇಲಿದ್ದಾನೆ. ಹೋದ ನೋಟ ಹೋಯಿತು. ಉಳಿದದ್ದನ್ನು ಕಾಯುವುದಷ್ಟೇ ಈಗಿನ ಕೆಲಸ.

ಇದು ನಡೆಯುವ ಬಗೆ ಹೀಗೆ. ಕಣ್ಣಿನೊಳಗೆ ಒಂದು ತಿಳಿನೀರು ಸದಾ ಊರುತ್ತ, ಸದಾ ಹರಿದುಹೋಗುತ್ತ ಇರುತ್ತದೆ. ಸ್ಟೀರಾಯ್ಡ್ ಅದು ಹರಿದುಹೋಗುವ ಜಾಲಿಯನ್ನು ಕಟ್ಟಿಸುತ್ತದೆ. ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನ ಒಳಗೆ ಇರಬೇಕಾದ ಒತ್ತಡ ಮೇಲೇರುತ್ತದೆ. ಎಲ್ಲರಿಗೂ ಅಲ್ಲ, ಬಲವಾದ ಸ್ಟೀರಾಯ್ಡನ್ನು ಕೆಲವು ವಾರ ಹಾಕಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಏರುತ್ತದೆಂದೂ ನೂರರಲ್ಲಿ ಐದಾರು ಜನರಿಗೆ ಬಹಳ ಏರುತ್ತದೆಂದೂ ವೈದ್ಯರು ಕಂಡಿದ್ದಾರೆ. ಮಕ್ಕಳಲ್ಲಿ ಇದು ಇನ್ನೂ ಬೇಗ ಆಗಬಹುದು. ನೋವಿಲ್ಲ, ಕೆಂಪಿಲ್ಲ, ಕಣ್ಣು ನೋಡಲು ಬಿಳಿಯಾಗಿ ಚೆನ್ನಾಗಿಯೇ ಇರುತ್ತದೆ. ಒಳಗೆ ನರ ಒಣಗುತ್ತಿರುತ್ತದೆ. ಇದಕ್ಕೆ ಗ್ಲಾಕೋಮಾ ಎಂದು ಹೆಸರು. ಇದೇ ಮದ್ದಿನಿಂದ ಎಳೆಯ ವಯಸ್ಸಿಗೇ ಕಣ್ಣಿಗೆ ಪೊರೆಯೂ ಬರುವುದುಂಟು. ಪೊರೆ ಬಂದರೆ ತೆಗೆಯಬಹುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಕೊಂಡೊಯ್ದು ಲಕ್ಷಗಟ್ಟಲೆ ಜನರ ಪೊರೆ ತೆಗೆದದ್ದನ್ನು ನಮ್ಮ ಕಡೆಯ ಹಿರಿಯರು ಇನ್ನೂ ನೆನೆಯುತ್ತಾರೆ. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆದರೆ ಒಣಗಿದ ನರವನ್ನು ಚಿಗುರಿಸುವ ಶಸ್ತ್ರ ಅಂಥವರ ಕೈಯಲ್ಲಿಯೂ ಇರಲಿಲ್ಲ, ಇಂದಿಗೂ ಯಾರ ಕೈಯಲ್ಲಿಯೂ ಇಲ್ಲ.

ಒಕ್ಕಲುತನದ ಮನೆಯವರಿಗೆ ಇನ್ನೊಂದು ಮಾತು. ಗೋವಿನಜೋಳದ ಗರಿಯೋ ಭತ್ತದ ಹೊಟ್ಟೋ ಕಣ್ಣಿಗೆ ಬಡಿದು ಗೀರಿದರೆ ಅಲ್ಲಿ ಬೂಷ್ಟು ಹತ್ತಿ ಹುಣ್ಣಾಗಬಹುದು. ಅಂಥ ಕಣ್ಣಿಗೆ ಮನೆಯಲ್ಲಿದ್ದ 'ಅಲರ್ಜಿ ಹನಿ' ಎಂದು ಸ್ಟೀರಾಯ್ಡ್ ಹಾಕಿದರೆ ಬೂಷ್ಟಿಗೆ ಗೊಬ್ಬರ ಹಾಕಿದಂತೆ. ನಾಲ್ಕು ದಿನದಲ್ಲಿ ಕರಿಗುಡ್ಡೆಯ ಮೇಲೆ ಬಿಳಿಯ ಹೂ ಬೀಳುತ್ತದೆ.

ಮೇಲೆ ಹೇಳಿದ ಹುಡುಗನಿಗೆ ಇದ್ದುದು ಸಾದಾ ಅಲರ್ಜಿಯಲ್ಲ. ವೈದ್ಯರು ಅದನ್ನು ವರ್ನಲ್ ಎನ್ನುತ್ತಾರೆ, ಎಂದರೆ ವಸಂತದ್ದು. ನಮ್ಮ ಕವಿಗಳು ಮಾಮರವನ್ನೂ ಕೋಗಿಲೆಯನ್ನೂ ಕೂಡ್ರಿಸಿದ ಋತುವಿನಲ್ಲಿ ಲ್ಯಾಟಿನ್ನಿನವರು ಕಣ್ಣಿನ ಕಡಿತವನ್ನೂ ಕೂಡ್ರಿಸಿದ್ದಾರೆ. ಬಿಸಿಲೂ ಒಣಹವೆಯೂ ಇರುವ ನಾಡುಗಳಲ್ಲಿ ಇದು ಹೆಚ್ಚು. ನಮ್ಮಂಥ ಕಡೆ ವಸಂತಕ್ಕೆ ನಿಲ್ಲದೆ ವರ್ಷವಿಡೀ ಕಾಡುವುದೂ ಉಂಟು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಹೆಚ್ಚು. ಐದು ಹತ್ತು ವಯಸ್ಸಿನ ನಡುವೆ ಆರಂಭವಾಗಿ, ಮೀಸೆ ಮೂಡುವ ಕಾಲಕ್ಕೆ ಬಹುಮಟ್ಟಿಗೆ ತಾನೇ ಅಡಗುತ್ತದೆ. ಗುರುತೆಂದರೆ ಬಿಸಿಲಿಗೆ ಕಣ್ಣು ತೆರೆಯಲಾಗದಿರುವುದು, ನೂಲಿನಂತೆ ಎಳೆಯೆಳೆಯಾಗಿ ಬರುವ ಪಿಚ್ಚು, ರೆಪ್ಪೆಯ ಒಳಗೆ ಗಂಟುಗಂಟು. ಬಿಡದೆ ಉಜ್ಜಿದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆ ಮೊನಚಾಗಿ ಉಬ್ಬುವುದುಂಟು. ಇಂಥ ಮಗುವಿಗೆ ಅಂಗಡಿಯ ಮದ್ದು ಸಲ್ಲದು. ಏಳೆಂಟು ವರ್ಷದ ಪಯಣವಿದು; ಸ್ಟೀರಾಯ್ಡನ್ನು ಬಿಟ್ಟು ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಮೊದಲಾದ ದೀರ್ಘಕಾಲದ ಮದ್ದುಗಳನ್ನು ಕಣ್ಣಿನ ವೈದ್ಯರೇ ಆರಿಸಿ ಕೊಡಬೇಕು.

ಮನೆಯ ಮದ್ದಿನ ವಿಷಯ ಬಿಡುವಂತಿಲ್ಲ. ನಮ್ಮ ಊರಿನಲ್ಲಿಯೇ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜನಪದದ ಅರಿವಿನ ಮೇಲೆ ನನಗೆ ಗೌರವ ಕಡಿಮೆಯಿಲ್ಲ. ಆದರೆ ಇಲ್ಲಿ ಒಂದು ಗೆರೆ ಎಳೆಯಬೇಕು: ಮುಚ್ಚಿದ ಕಣ್ಣಿನ ಮೇಲೆ ಇಡುವುದು ಬೇರೆ, ಕಣ್ಣಿನ ಒಳಗೆ ಬಿಡುವುದು ಬೇರೆ. ತಣ್ಣೀರಿನಲ್ಲಿ ಹಿಂಡಿದ ಶುಭ್ರವಾದ ಅರಿವೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಟ್ಟರೆ ಕಡಿತ ನಿಜವಾಗಿಯೂ ಇಳಿಯುತ್ತದೆ. ಇದನ್ನು ಇಂದಿನ ವೈದ್ಯರೂ ಹೇಳುತ್ತಾರೆ. ನಂದಿಬಟ್ಟಲ ಹೂವನ್ನು ಮುಚ್ಚಿದ ಕಣ್ಣ ಮೇಲೆ ಇಡುವ ಅಜ್ಜಿಯ ಜೊತೆ ನಾನು ಜಗಳವಾಡಲಾರೆ. ಆದರೆ ಸೊಪ್ಪಿನ ರಸ, ಜೇನು, ಹರಳೆಣ್ಣೆ, ಎದೆಹಾಲು ಇವನ್ನು ಕಣ್ಣೊಳಗೆ ಬಿಡಬಾರದು. ಅವುಗಳೊಡನೆ ರೋಗಾಣುವೂ ಒಳಗೆ ಹೋಗುತ್ತದೆ.

ಹನಿ ಹಾಕುವುದೂ ಒಂದು ವಿದ್ಯೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ತುಸು ಎಳೆದರೆ ಒಂದು ಚಿಕ್ಕ ಬೋಗುಣಿಯಾಗುತ್ತದೆ. ಅದರಲ್ಲಿ ಒಂದು ಹನಿ ಸಾಕು. ಶೀಶೆಯ ಒಂದು ಹನಿಯೇ ಆ ಬೋಗುಣಿ ಹಿಡಿಯುವುದಕ್ಕಿಂತ ಹೆಚ್ಚಿರುತ್ತದೆ, ಎರಡನೆಯದು ಕೆನ್ನೆಗೆ. ಶೀಶೆಯ ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಮದ್ದು ಗಂಟಲಿಗೆ ಇಳಿಯುವುದಿಲ್ಲ. ಎರಡು ಬಗೆಯ ಮದ್ದು ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದು, ಹನಿ ಹಾಕಿ ಕಾಲು ಗಂಟೆ ಬಿಟ್ಟು ಮತ್ತೆ ಹಾಕಿಕೊಳ್ಳಬೇಕು. ಕಣ್ಣು ಕೆಂಪಾಗಿದ್ದರೆ ಲೆನ್ಸೇ ಬೇಡ. ಒಡೆದ ಶೀಶೆಯನ್ನು ಒಂದು ತಿಂಗಳಾದ ಮೇಲೆ, ಅರ್ಧ ಉಳಿದಿದ್ದರೂ, ಚೆಲ್ಲಬೇಕು. ಒಡೆದ ದಿನದ ತಾರೀಖನ್ನು ಶೀಶೆಯ ಮೇಲೆಯೇ ಪೆನ್ನಿನಿಂದ ಬರೆದಿಟ್ಟರೆ ಜಗಳವಿಲ್ಲ. ಒಬ್ಬರ ಶೀಶೆ ಇನ್ನೊಬ್ಬರಿಗೆ ಬೇಡ.

ರಾಶಿಯ ಕಣಕ್ಕೆ ಹೋಗುವವರು ಬದಿ ಮುಚ್ಚಿದ ಕನ್ನಡಕ ಹಾಕಿಕೊಂಡರೆ, ಮನೆಗೆ ಬಂದೊಡನೆ ಮುಖ ತೊಳೆದು ಅಂಗಿ ಬದಲಿಸಿದರೆ, ಎಷ್ಟೋ ಹನಿ ಉಳಿಯುತ್ತದೆ.

ಇನ್ನು ಯಾವಾಗ ಅಂಗಡಿ ಬಿಟ್ಟು ದವಾಖಾನೆಗೆ ಹೋಗಬೇಕು? ಕಡಿತದ ಬದಲು ನೋವು ಬಂದರೆ, ಒಂದೇ ಕಣ್ಣು ಕೆಂಪಾಗಿದ್ದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಂಜಾದರೆ, ಏನಾದರೂ ಬಡಿದಿದ್ದರೆ, ಸರಿಯಾದ ಹನಿ ಹಾಕಿಯೂ ವಾರದಲ್ಲಿ ಇಳಿಯದಿದ್ದರೆ, ಮತ್ತು ಈವರೆಗೆ ಹಾಕುತ್ತ ಬಂದ ಶೀಶೆಯ ಸಣ್ಣ ಅಕ್ಷರದಲ್ಲಿ 'ಸೋನ್', 'ಲೋನ್', 'ಪ್ರೆಡ್' ಕಂಡರೆ, ಕಣ್ಣು ಎಷ್ಟೇ ಚೆನ್ನಾಗಿದ್ದರೂ ಹೋಗಬೇಕು. ಆ ಮದ್ದನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಲೂ ಬೇಡಿರಿ. ಹೇಗೆ ಇಳಿಸಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ಹಾವೇರಿಯ ಜಿಲ್ಲಾ ಆಸ್ಪತ್ರೆಯಿದೆ. ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಯಿದೆ. ಒತ್ತಡ ಅಳೆಯುವುದಕ್ಕೆ ಕೆಲವು ನಿಮಿಷ ಸಾಕು, ನೋವಿಲ್ಲ. ಅಳೆಯಿರೆಂದು ನೀವೇ ಬಾಯಿಬಿಟ್ಟು ಕೇಳಿರಿ. ಹೋಗುವಾಗ ಮನೆಯಲ್ಲಿರುವ ಹಳೆಯ ಶೀಶೆಗಳನ್ನೆಲ್ಲ, ಖಾಲಿಯಾದವನ್ನೂ, ರಟ್ಟಿನ ಡಬ್ಬಿಯ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. 'ಬಿಳೀ ಶೀಶೆ, ನೀಲಿ ಮುಚ್ಚಳ' ಎಂದರೆ ವೈದ್ಯರಿಗೆ ತಿಳಿಯುವುದಿಲ್ಲ; ಅಂಥ ಶೀಶೆ ಹತ್ತಾರು ಇವೆ.